ಊಟದ ಹಾಲ್‌ನಲ್ಲಿ ಜಾನಕಿ ಪಕ್ಕ ಯಾರೂ ಕೂರುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಮೆರಿಕದ ರಾಲಿ ನಗರದ ಅಂಚಿನಲ್ಲಿರುವ ಕಮ್ಯೂನಿಟಿ ಕಾಲೇಜಿನ ಪಾರ್ಕಿಂಗ್ ಲಾಟ್‌ಗೆ ಬೂದು ಬಣ್ಣದ ಹಳೇ ಕಾರೊಂದು ಬಂದು ನಿಲ್ಲುತ್ತದೆ. ಒಳಗಿನ ದೀಪ ಹಾಕಿ, ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಿರುವವರು ಜಾನಕಿ, ವಯಸ್ಸು ಐವತ್ತೆಂಟು. ಕಾಫಿ ಬಾಯಿಗಿಡುವ ಮೊದಲೇ ಯಾರೋ ಕಿಟಕಿ ತಟ್ಟುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದ ಹೆಂಗಸು. ನರ್ಸಿಂಗ್ ಸೇರಬೇಕೆಂದಿದ್ದಾಳೆ. ಹಿಂದೆ ಅಟ್ಲಾಂಟಾದಲ್ಲಿ ಓದಿದ ಬಯಾಲಜಿ ಇಲ್ಲಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯಬೇಕು. ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಹಿಂದಕ್ಕೆ ಹಾಕಿ ಜಾನಕಿ ಬಾಗಿಲು ತೆಗೆಯುತ್ತಾರೆ.

ಲೆಕ್ಕಕ್ಕೆ ಬರುವುದಿಲ್ಲ. ಓದಿ ಬಹಳ ವರ್ಷವಾಯಿತು, ಮತ್ತೆ ಮೊದಲಿನಿಂದ ಓದಬೇಕು. ಹೆಂಗಸು ಕಣ್ಣು ಮುಚ್ಚಿ ಸೀಟಿಗೆ ಒರಗುತ್ತಾಳೆ. ಜಾನಕಿ ಪೇಪರ್ ಕಪ್ಪಿಗೆ ಕಾಫಿ ಹಾಕಿ ಕೊಡುತ್ತಾರೆ. "ನನ್ನ ಕೆಲಸದಲ್ಲಿ ಅರ್ಧಕ್ಕರ್ಧ ಇಂಥ ಸುದ್ದಿ ಹೇಳೋದೇ. ರೂಲ್ಸ್ ಮಾಡೋರು ಯಾರೋ, ಮುಖ ನೋಡ್ಕೊಂಡು ಹೇಳೋಳು ನಾನು," ಎನ್ನುತ್ತಾರೆ ಅವಳು ಇಳಿದು ಹೋದ ಮೇಲೆ.

ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಬಂದು ರಾಲಿಯ ಪಕ್ಕದ ಕ್ಯಾರಿ ಊರಿನಲ್ಲಿ ಸಂಸಾರ ಹೂಡಿದವರು ಜಾನಕಿ. ಕಾಲೇಜಿನ ಮುಂಬಾಗಿಲ ಡೆಸ್ಕಿನಲ್ಲಿ ಫೋನ್ ಎತ್ತುವ ಕೆಲಸದಿಂದ ಶುರು ಮಾಡಿ, ಈಗ ಅಡ್ವೈಸರ್. ಯಾರು ಯಾವ ಕ್ಲಾಸ್ ತಗೋಬೇಕು, ಯಾವುದರ ಕ್ರೆಡಿಟ್ ಯೂನಿವರ್ಸಿಟಿಗೆ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ತಿಳಿಸಿ ಹೇಳುವುದು ಅವರ ಕೆಲಸ. ಪಾರ್ಟ್ ಟೈಮ್, ಗಂಟೆ ಲೆಕ್ಕದ ಸಂಬಳ. ಮುಂದಿನ ಸೆಮಿಸ್ಟರಿಗೆ ತಮ್ಮನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದು ಆ ಸೆಮಿಸ್ಟರ್ ಬಂದಾಗಲೇ ಗೊತ್ತಾಗುತ್ತದೆ. ಕಾರಿನಲ್ಲಿ ಕೂರುವ ಅಭ್ಯಾಸ 2020ರದ್ದು. ಕಾಲೇಜಿಗೆ ಬೀಗ ಬಿದ್ದಾಗ, ಮನೆಯಲ್ಲಿ ಇಂಟರ್ನೆಟ್ ಇಲ್ಲದ ವಿದ್ಯಾರ್ಥಿಗಳು ವೈಫೈ ಹಿಡಿಯಲು ಇದೇ ಲಾಟ್‌ಗೆ ಬಂದು ಕೂರುತ್ತಿದ್ದರು. ಜಾನಕಿಯೂ ಮಾಸ್ಕ್ ಹಾಕಿಕೊಂಡು ಬಂದು ಕೂತರು. ಬೀಗ ತೆಗೆದ ಮೇಲೂ ಬಿಡಲಿಲ್ಲ. ಕ್ಲಾಸ್ ಶುರುವಾಗುವ ವಾರಗಳಲ್ಲಿ ದಿನಕ್ಕೆ ಮೂವತ್ತು ಜನರಾದರೂ ಬರುತ್ತಾರೆ. ಬೆಳಗಿನ ಈ ಹೊತ್ತಿಗೆ ಯಾರೂ ಸಂಬಳ ಕೊಡುವುದಿಲ್ಲ.

ಊರಿನಲ್ಲಿ ಇಂಜಿನಿಯರಿಂಗ್ ಸೇರಿದವನು ಇತಿಹಾಸದ ಪುಸ್ತಕ ಮುಟ್ಟಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಏನೇ ಓದಲಿ, ಇಂಗ್ಲಿಷ್ ಬರವಣಿಗೆ, ಇತಿಹಾಸ, ಒಂದಿಷ್ಟು ಕಲೆ, ಸಮಾಜಶಾಸ್ತ್ರ, ನಾಲ್ಕು ಜನರ ಮುಂದೆ ನಿಂತು ಮಾತಾಡುವ ಒಂದು ಕ್ಲಾಸ್, ಇಷ್ಟನ್ನು ಮುಗಿಸಲೇಬೇಕು. ಇದಕ್ಕೆ ಜನರಲ್ ಎಜುಕೇಶನ್ ಎನ್ನುತ್ತಾರೆ. ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಎರಡು ವರ್ಷದಲ್ಲಿ ಇದನ್ನೆಲ್ಲ ಮುಗಿಸಿಕೊಂಡವರು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದರೆ ಮೂರನೇ ವರ್ಷಕ್ಕೆ ಸೇರಬಹುದು. ಅದೇ ಕಾಲೇಜಿನಲ್ಲಿ, ಓದು ಮುಗಿದ ಕೂಡಲೇ ಕೆಲಸಕ್ಕೆ ಸೇರುವವರಿಗೆಂದು ಡಿಪ್ಲೊಮಾದಂಥ ಕೋರ್ಸುಗಳೂ ಇವೆ. ಕೋಡಿಂಗ್, ನೆಟ್‌ವರ್ಕಿಂಗ್, ಡೇಟಾಬೇಸ್. ಒಳ್ಳೆಯ ಕೋರ್ಸುಗಳೇ. ಆದರೆ ಅವುಗಳ ಕ್ರೆಡಿಟ್ ಬಹುಪಾಲು ಯೂನಿವರ್ಸಿಟಿಯ ಬಾಗಿಲಲ್ಲೇ ಬಿದ್ದುಹೋಗುತ್ತದೆ. ನಮ್ಮವರು ಎಡವುವುದು ಇಲ್ಲಿ. "ಚಿತ್ರ ನೋಡೋದು, ಭಾಷಣ ಮಾಡೋದು ಎಲ್ಲ ಟೈಮ್ ವೇಸ್ಟು, ಡೈರೆಕ್ಟಾಗಿ ಕೋಡಿಂಗ್ ಹಾಕ್ಸೋಣ ಅಂತ ಅಪ್ಪಂದಿರೇ ಡಿಸೈಡ್ ಮಾಡ್ಬಿಡ್ತಾರೆ," ಎನ್ನುತ್ತಾರೆ ಜಾನಕಿ.

ಬಂದು ಒಂದು ಮಾತು ಕೇಳಬಾರದೇ? ಕೇಳುವುದಿಲ್ಲ. ಕಮ್ಯೂನಿಟಿ ಕಾಲೇಜೆಂದರೆ ಎಲ್ಲೂ ಸೀಟು ಸಿಗದವರ ಜಾಗ ಎಂದು ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಯುಗಾದಿ, ದೀಪಾವಳಿಗೆ ಕನ್ನಡ ಕೂಟದವರು ಬಾಡಿಗೆ ಹಾಲ್‌ನಲ್ಲಿ ಊಟ ಹಾಕಿಸುತ್ತಾರಲ್ಲ, ಅಲ್ಲಿ ಜಾನಕಿಯ ಪಕ್ಕ ತಟ್ಟೆ ಹಿಡಿದು ಕೂತರೆ ಮುಗಿಯಿತು, ಇವರ ಮಗ ಅಲ್ಲೇ ಓದುತ್ತಿರಬೇಕು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿಯೇ ಇರುತ್ತವೆ. ಮಾರನೆಯ ದಿನ ಅದೇ ಜನ ಫೋನ್ ಮಾಡಿ, ದನಿ ತಗ್ಗಿಸಿ, "ನಮ್ಮ ಫ್ರೆಂಡ್ ಒಬ್ರ ಮಗನಿಗೆ ಕೇಳ್ತಿದೀನಿ" ಎಂದು ಶುರು ಮಾಡುತ್ತಾರೆ. ಇಷ್ಟು ಜನರ ಮಕ್ಕಳನ್ನು ದಡ ಸೇರಿಸಿದವರಿಗೆ ಈ ಮರ್ಯಾದೆ! ನೋಡಿದವರಿಗೇ ಸಿಟ್ಟು ಬರುತ್ತದೆ.

ಜಾನಕಿಗೆ ಸಿಟ್ಟಿಲ್ಲ. ಹಿಂದೊಮ್ಮೆ ಇಂಡಿಯನ್ ಸ್ಟೋರಿನಲ್ಲಿ ಪರಿಚಯದವರೊಬ್ಬರನ್ನು "ಮಗನ ಕ್ಲಾಸ್ ಹೇಗೆ ನಡೀತಿದೆ?" ಎಂದು ಸಹಜವಾಗಿ ಕೇಳಿದ್ದರು. ಹಿಂದೆ ಇನ್ನೊಂದು ಕನ್ನಡ ಕುಟುಂಬ ನಿಂತಿತ್ತು. ಮುಂದಿನ ವಾರದಿಂದ ಆ ಹುಡುಗ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದ. "ಅವತ್ತಿಂದ ಹೊರಗಡೆ ಯಾರೇ ಸಿಗ್ಲಿ, ನಾನಾಗಿ ಮಾತಾಡ್ಸಲ್ಲ. ಅವರಾಗಿ ನಕ್ಕರೆ ನಗ್ತೀನಿ, ಅಷ್ಟೇ."

ಹಾಗೆ ಜಾನಕಿ ಮಾತಾಡಿಸದೆ ಬಿಟ್ಟವರಲ್ಲಿ ಮಾನ್ಯಾ ಒಬ್ಬಳು.

ಹನ್ನೆರಡನೇ ಕ್ಲಾಸಿನವರೆಗಿನ ಇಲ್ಲಿನ ಹೈಸ್ಕೂಲ್ ಮುಗಿಸಿದ ವರ್ಷ ಬೇಕೆಂದ ಕಡೆ ಸೀಟು ಸಿಗದೆ, ಸದ್ದಿಲ್ಲದೆ ಈ ಕಾಲೇಜಿಗೆ ಬಂದವಳು. ಕ್ಲಾಸುಗಳನ್ನು ಆರಿಸಿದ್ದು ಸಾಫ್ಟ್‌ವೇರಿನಲ್ಲಿರುವ ಅಪ್ಪ. ನೆಟ್‌ವರ್ಕಿಂಗ್ ಲ್ಯಾಬಿನಿಂದ ಅವಳು ಹೊರಬರುವುದನ್ನು ಜಾನಕಿ ಎರಡು ಮೂರು ಸಲ ನೋಡಿದ್ದರು. ಆ ವರ್ಷದ ದೀಪಾವಳಿ ಊಟದಲ್ಲಿ ಹಿಂದಿನ ಟೇಬಲ್‌ನಿಂದ ಅವಳ ಅಮ್ಮನ ಮಾತು ಕಿವಿಗೆ ಬಿತ್ತು: "ಮಾನ್ಯಾ ಯೂನಿವರ್ಸಿಟೀಲಿ ಇಂಜಿನಿಯರಿಂಗ್ ಸೇರಿದಾಳೆ." ಸುಳ್ಳೆಂದು ಜಾನಕಿಗೆ ತಕ್ಷಣ ತಿಳಿಯಿತು. ಎರಡು ವರ್ಷದ ನಂತರ ಅದನ್ನು ನಿಜ ಮಾಡುವ ಆಸೆ ಇಟ್ಟುಕೊಂಡಿದ್ದಾರೆಂದೂ, ಹಿಡಿದ ದಾರಿ ಅಲ್ಲಿಗೆ ಹೋಗುವುದಿಲ್ಲವೆಂದೂ ತಿಳಿಯಿತು. ಹುಡುಗಿ ಇನ್ನೂ ಮೊದಲ ಸೆಮಿಸ್ಟರಿನಲ್ಲಿದ್ದಳು.

"ಹೇಳ್ಬಿಡೋಣ ಅಂತ ಎದ್ದೆ. ಅವ್ರು ನನ್ನ ನೋಡಿದ್ರು. ನೋಡಿ, ತಟ್ಟೆ ತಗೊಂಡು ಇನ್ನೊಂದು ಟೇಬಲ್‌ಗೆ ಹೋದ್ರು. ನಾನು ವಾಪಸ್ ಕೂತ್ಕೊಂಡೆ." ಜಾನಕಿಯೇ ಮುಂದುವರಿಸುತ್ತಾರೆ: "ಕಾರಿಡಾರಲ್ಲಾದ್ರೂ ಆ ಮಗೂನ ತಡೀಬಹುದಿತ್ತು. ತಡೀಲಿಲ್ಲ. ಮರ್ಯಾದೆ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ."

ಅದಾಗಿ ಒಂದೂವರೆ ವರ್ಷಕ್ಕೆ, ಏಪ್ರಿಲ್‌ನಲ್ಲಿ, ಎರಡು ವರ್ಷದ ಓದು ಮುಗಿಯುತ್ತಾ ಬಂದಿದ್ದಾಗ, ಬೆಳಿಗ್ಗೆ ಕಾರಿನ ಕಿಟಕಿ ತಟ್ಟಿದವಳು ಮಾನ್ಯಾ. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಆದರೆ ಇಂಗ್ಲಿಷ್ ಮತ್ತು ಗಣಿತ ಬಿಟ್ಟರೆ ಬೇರೇನನ್ನೂ ಅವರು ಒಪ್ಪಿರಲಿಲ್ಲ. ಸೇರಿದರೆ ಮೊದಲ ವರ್ಷಕ್ಕೇ ಸೇರಬೇಕು. "ಆಂಟಿ, ಇದು ಅವರ ಮಿಸ್ಟೇಕ್ ಅಲ್ವಾ?" ಎಂದು ಕೇಳಿದಳು. ಅಲ್ಲ ಎಂದು ಜಾನಕಿಯೇ ಹೇಳಬೇಕಾಯಿತು. ಬೇಸಿಗೆಯಿಡೀ ವಿಭಾಗ ವಿಭಾಗಕ್ಕೂ ಬರೆದರು, ಫೋನ್ ಮಾಡಿದರು, ಹೋಗಿ ಕಾದು ಕೂತರು. ಕೋಡಿಂಗ್‌ನ ಒಂದೇ ಒಂದು ಕ್ಲಾಸ್ ಲೆಕ್ಕಕ್ಕೆ ಬಂತು. ಮಿಕ್ಕಿದ್ದೆಲ್ಲ ಹೋಯಿತು.

ನಾಲ್ಕು ವರ್ಷ ಯೂನಿವರ್ಸಿಟಿ ಫೀಸು ಕಟ್ಟುವ ಸ್ಥಿತಿ ಮನೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಅಪ್ಪನ ಕೆಲಸವೂ ಹೋಗಿತ್ತು. ಮಾನ್ಯಾ ಮತ್ತೆ ಇದೇ ಕಾಲೇಜಿನಲ್ಲಿ, ತನಗಿಂತ ಚಿಕ್ಕವರ ಜೊತೆ ಕೂತು ಇತಿಹಾಸ, ಕಲೆ, ಭಾಷಣ ಎಂದು ಹೊಸದಾಗಿ ಶುರು ಮಾಡಿದ್ದಾಳೆ. ನಡುವೆ ಕಾಫಿ ಅಂಗಡಿಯ ಕೆಲಸವೂ ಇರುವುದರಿಂದ ಓದು ನಿಧಾನ. ಜೊತೆಯಲ್ಲಿ ಹೈಸ್ಕೂಲ್ ಮುಗಿಸಿದವರು ಈ ಮೇ ತಿಂಗಳಲ್ಲಿ ಡಿಗ್ರಿ ತೆಗೆದುಕೊಳ್ಳುತ್ತಿದ್ದಾರೆ. "ಆಂಟಿ ನಂಗೆ ಸಾರಿ ಹೇಳಿದ್ರು. ಅಪ್ಪ ಏನೂ ಹೇಳಲ್ಲ. ಡಿನ್ನರ್ ಟೈಮಲ್ಲಿ ನನ್ನ ನೋಡೋದೇ ಇಲ್ಲ," ಎನ್ನುತ್ತಾಳೆ.

ಈ ಬರಹಕ್ಕೆ ತನ್ನ ನಿಜವಾದ ಹೆಸರನ್ನೇ ಹಾಕಿ ಎಂದು ಹುಡುಗಿ ಹೇಳಿದ್ದಳು. ಅದೇ ಸಂಜೆ ಅವಳ ಅಮ್ಮ ಫೋನ್ ಮಾಡಿ, ದಯವಿಟ್ಟು ಬೇಡ ಎಂದು ಅತ್ತರು. ಮಾನ್ಯಾ ಎಂಬುದು ಬದಲಿಸಿದ ಹೆಸರು.

ಅದನ್ನು ತಿಳಿಸಿದಾಗ ಜಾನಕಿ ಕಾರಿನ ದೀಪ ಆರಿಸುತ್ತಿದ್ದರು. ಆಫೀಸಿನ ಬಾಗಿಲು ತೆರೆಯುವ ಹೊತ್ತಾಗಿತ್ತು. ಈ ಯುಗಾದಿಗೂ ಒಬ್ಬರೇ ಕೂತು ಊಟ ಮಾಡಿ ಬಂದಿದ್ದಾರೆ. ಕೂಟದವರು ಕರೆದು ಸನ್ಮಾನ ಮಾಡಬೇಕೆಂಬ ಆಸೆಯಾದರೂ ಇದೆಯೇ ಎಂದರೆ, "ಅಯ್ಯೋ, ಶಾಲು ಹೊದ್ಕೊಂಡು ಏನ್ ಮಾಡ್ಲಿ?" ಎಂದು ನಕ್ಕು, ಚೀಲ ಹೆಗಲಿಗೇರಿಸಿಕೊಳ್ಳುತ್ತಾರೆ.

"ಯಾರಾದ್ರೂ ಒಬ್ರು ನನ್ನ ಪಕ್ಕ ಬಂದು ಕೂತು, ನಮ್ಮ ಮಗಳು ಕಮ್ಯೂನಿಟಿ ಕಾಲೇಜಲ್ಲಿ ಓದ್ತಿದಾಳೆ, ಯಾವ ಕ್ಲಾಸ್ ತಗೋಬೇಕು ಜಾನಕಿ ಅಂತ ಜೋರಾಗಿ ಕೇಳ್ಬೇಕು. ನಾನೂ ಜೋರಾಗೇ ಹೇಳ್ತೀನಿ. ಹಿಂದಿನ ಟೇಬಲ್‌ನಲ್ಲಿ ಇನ್ನೊಬ್ಳು ತಾಯಿ ಕೂತಿರ್ತಾಳೆ, ನನ್ನ ಹತ್ರ ಬರೋಕೆ ಅವಳಿಗೆ ಆಗಲ್ಲ. ಕೂತಲ್ಲೇ ಕೇಳಿಸ್ಕೊಳ್ಲಿ."