ಯಾವ ಬೆರಳು ಸುಟ್ಟಿತ್ತು?

ಬೇವೂರಿನ ಕಳಕಮ್ಮ ಯಾರಿಗೂ ಬೆಳ್ಳಿ ಬಂಗಾರದ ಉಡುಗೊರೆ ಕೊಟ್ಟವಳಲ್ಲ. ತೊಟ್ಟಿಲಿಗೆ ಹಾಕುವ ಕೂಸಿಗೆ, ಗಂಡನ ಮನೆಗೆ ಹೊರಟ ಹುಡುಗಿಗೆ, ಜ್ವರದಿಂದ ಎದ್ದು ಕುಳಿತವರಿಗೆ ಒಂದೊಂದು ಪದ್ಯ ಬರೆದು, ಖಣದ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದಳು. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಹೊಂದಬಾರದು ಎಂಬುದು ಅವಳ ಹಟ. ಅದಕ್ಕೇ ಆ ಒಬ್ಬರ ಬಾಳಿನದೇ ಒಂದು ಗುರುತು ಅದರಲ್ಲಿ ಇದ್ದೇ ಇರುತ್ತಿತ್ತು. ತನಗೆಂದು ಪ್ರತಿ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ದೇವರನ್ನು 'ಕಳಕಿಯ ಒಡೆಯ' ಎಂದು ಕರೆಯುತ್ತಿದ್ದಳು. ಅದು ಅವಳ ಅಂಕಿತ. ಇಡೀ ಪದ್ಯದಲ್ಲಿ ತನಗಾಗಿ ಅವಳು ಇಟ್ಟುಕೊಂಡದ್ದು ಅಷ್ಟೇ.

ಬಳೆಗಾರ್ತಿ ಹಸನಬೀಯ ಮಗ ವಿಷಮಜ್ವರದಿಂದ ಉಳಿದಾಗ ಮಾತ್ರ ಕಳಕಮ್ಮ ಅನುಮಾನಿಸಿ ಕೇಳಿದ್ದಳು, "ನಿಮ್ಮ ದೇವ್ರಿಗೆ ನನ್ನ ಹೆಸರು ಹಚ್ಚಿದ್ರ ನಡೀತೈತೇನ ಹಸನಬೀ?"

"ಅವಂಗ ಮೊದಲ ತೊಂಬತ್ತೊಂಬತ್ತು ಹೆಸರು ಅದಾವ. ಇದೊಂದು ಭಾರ ಆಗ್ತೈತೇನ? ಬರಿಯಕ್ಕ."

ಆಗ ಬೇವೂರು ನಿಜಾಮರ ಸೀಮೆ. ಸರಕಾರಿ ಶಾಲೆಯಲ್ಲಿ ಉರ್ದು, ಅದೂ ಗಂಡುಮಕ್ಕಳಿಗೆ. ಕಳಕಮ್ಮನಿಗೆ ಕನ್ನಡದ ಅಕ್ಷರ ತಿದ್ದಿಸಿದವನು ಅವಳ ಅಪ್ಪ, ಅಂಗಳದ ಮರಳಿನಲ್ಲಿ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ಅಂದಪ್ಪ ತೀರಿಹೋದ. ಗಂಡನ ಅಣ್ಣ ಕೊಟ್ರಬಸಪ್ಪ ಹತ್ತಿಯ ವ್ಯಾಪಾರಿ, ಹೆಂಡತಿ ಸತ್ತವನು. ಅವನ ಎರಡು ವರ್ಷದ ಮಗಳು ಪಾರ್ವತೆಮ್ಮ ಕಳಕಮ್ಮನ ಅಡುಗೆಮನೆಯಲ್ಲೇ ಬೆಳೆದಳು. ರೊಟ್ಟಿ ಬಡಿಯುವುದನ್ನೂ ಅಕ್ಷರವನ್ನೂ ಒಂದೇ ಹಲಗೆಯ ಮೇಲೆ, ಒಂದೇ ಹಿಟ್ಟಿನಲ್ಲಿ ಕಲಿತಳು.

ಹದಿನಾಲ್ಕು ವರ್ಷದ ನಂತರ, ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ, ಪಾರ್ವತೆಮ್ಮನನ್ನು ಕುಷ್ಟಗಿಗೆ ಕೊಟ್ಟರು. ಕಳಕಮ್ಮ ತಿಂಗಳುಗಟ್ಟಲೆ ಕೂತು ಅವಳಿಗೆ ಪದ್ಯ ಬರೆದಳು.

ಒಲೆಯ ಬೂದಿಯ ಬಳಿದು ವಿಭೂತಿ ಎಂದಳೆ ಮಗಳು
ಎಡಗೈಯ ಸುಟ್ಟ ಬೆರಳಲ್ಲಿ, ನಗುನಗುತ
ಹಣೆ ಚಾಚಿ ನಿಂತ ಕಳಕಿಯ ಒಡೆಯ

ಇಂಥವು ಒಂಬತ್ತು ನುಡಿ. ಕೊಟ್ರಬಸಪ್ಪ ಓದಿಸಿ ಕೇಳಿ, "ಛಲೋ ಐತಿ, ಅಚ್ಚು ಹಾಕಿಸ್ತೀನಿ" ಎಂದು ನಕಲು ಮಾಡಿಸಿಕೊಂಡು ಹೋದ. ಕಳಕಮ್ಮನಿಗೆ ಹಿಗ್ಗಾಯಿತು. ಹಿಗ್ಗಿದ್ದು ತಪ್ಪೆಂದು ಯಾರು ಹೇಳಬಲ್ಲರು?

ಮದುವೆಯ ದಿನ ಅವಳನ್ನು ಹಿತ್ತಲಲ್ಲಿ ಹೋಳಿಗೆಯ ಹೂರಣ ರುಬ್ಬಲು ಕೂಡಿಸಿದರು. ಗಂಡ ಸತ್ತವಳು ಹಂದರದಲ್ಲಿ ಎದುರಾಗಬಾರದಂತೆ. ಸೂತಕವೆಂಬುದೇ ಇಲ್ಲ ಎಂದು ಸಾರುವ ಧರ್ಮದಲ್ಲಿ ಹುಟ್ಟಿದ ಜನ. ಎದೆಯ ಮೇಲೆ ಲಿಂಗ ಕಟ್ಟಿಕೊಂಡು, ಶರಣರ ಮಾತನ್ನು ನಿತ್ಯ ಬಾಯಲ್ಲಿ ಹೊರಳಿಸುವವರು. ಅವಳು ರುಬ್ಬಿದ ಹೂರಣ ನಡೆಯುತ್ತಿತ್ತು, ಬರೆದ ಪದ್ಯ ನಡೆಯುತ್ತಿತ್ತು. ಅವಳ ಮುಖ ನಡೆಯುತ್ತಿರಲಿಲ್ಲ!

ಸರಹದ್ದು ದಾಟಿ ಗದಗಿನಲ್ಲಿ ಅಚ್ಚಾಗಿ ಬಂದಿದ್ದ ಗುಲಾಬಿ ಬಣ್ಣದ ಹಾಳೆಯನ್ನು ಎಲ್ಲರ ಕೈಗೂ ಕೊಟ್ಟು, ಊರ ಮಾಸ್ತರ ಉಮಾಪತಿ ರಾಗವಾಗಿ ಓದತೊಡಗಿದ. ಹಿತ್ತಲಲ್ಲಿ ಕಳಕಮ್ಮನ ಕೈ ನಿಂತಿತು. ಒಂದೊಂದು ಸಾಲೂ ಅವಳದೇ. ಮೊದಲ ನುಡಿ ಮುಗಿಯಿತು. "ಹಣೆ ಚಾಚಿ ನಿಂತ ಕೊಟ್ರನ ಒಡೆಯ."

ತಪ್ಪಿ ಓದಿದನೇನೋ ಎಂದುಕೊಂಡಳು. ಎರಡನೆಯ ನುಡಿಗೂ ಅದೇ. ಒಂಬತ್ತಕ್ಕೂ ಅದೇ. ಅಡಿಯಲ್ಲಿದ್ದುದನ್ನೂ ಮಾಸ್ತರ ಓದಿದ, 'ರಚಿಸಿದವರು ವಧುವಿನ ತಂದೆ'.

ಹೂರಣದ ಕೈಯಲ್ಲೇ ಅವಳು ಹಂದರಕ್ಕೆ ಬಂದಳು.

"ಭಾವಾರ, ಆ ಪದ್ಯ ನಂದು."

ಕೊಟ್ರಬಸಪ್ಪ ನಕ್ಕು ದನಿ ತಗ್ಗಿಸಿದ. "ನಿಂದ ಅಲ್ಲ ಅಂದಾರ ಯಾರು? ಮನಿ ಪದ್ಯ, ಮನ್ಯಾಗ ಐತಿ. ಗಂಡ ಸತ್ತಾಕಿ ಹೆಸರು ಮದುವಿ ಹಾಳ್ಯಾಗ ಹೆಂಗ ಹಾಕಲಿ? ಬೀಗರು ಏನಂದಾರು? ಒಳಗ ನಡಿ."

"ನೀವ ಬರ್ದಿದ್ರ ಒಂದು ಮಾತು ಹೇಳ್ರಿ. ಇದರಾಗ ಸುಟ್ಟ ಬೆರಳು ಅಂತ ಐತೆಲ್ಲ, ಮಗಳಿಂದು ಯಾವ ಬೆರಳು ಸುಟ್ಟಿತ್ತು?"

ಕೊಟ್ರಬಸಪ್ಪ ಮಗಳ ಕಡೆ ನೋಡಿದ. ಅವಳ ಎಡಗೈ ಸೆರಗಿನೊಳಗೆ ಹೋಗಿತ್ತು.

ಬಳೆಯ ಮಲಾರ ಮುಂದಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ ಹಸನಬೀ ಅಂದಳು, "ಹೇಳ್ರಿ ಸಾವ್ಕಾರ್ರ. ಐದರಾಗ ಒಂದು. ಭಾಳ ಇಲ್ಲ."

ಯಾರೋ ಕಿಸಕ್ಕೆಂದರು. ಅಷ್ಟಕ್ಕೆ ಹಿರಿಯರಿಗೆ ಮರ್ಯಾದೆಯ ನೆನಪಾಯಿತು. "ಅಕ್ಕಿಕಾಳ ವ್ಯಾಳ್ಯಾ ಆತು, ಆಕಿನ್ನ ಒಳಗ ಕರಕೊಂಡು ಹೋಗ್ರವ್ವಾ" ಎಂದರು. ಅವನಿಂದ ಉತ್ತರ ಕೇಳಿದವರು ಒಬ್ಬರೂ ಇಲ್ಲ. ಕಳಕಮ್ಮ ನೋಡುತ್ತಿದ್ದುದು ಪಾರ್ವತೆಮ್ಮನನ್ನು. ಹುಡುಗಿ ತಲೆ ಎತ್ತಲಿಲ್ಲ. ಹದಿನಾರರ ಹುಡುಗಿ, ತುಂಬಿದ ಹಂದರದಲ್ಲಿ ಅಪ್ಪನೆದುರು ಏನು ಮಾತಾಡಿಯಾಳು ಎಂದು ಆಮೇಲೆ ಎಲ್ಲರೂ ಸಮಾಧಾನ ಹೇಳಿದರು. ಸಮಾಧಾನ ಹೇಳುವುದು ಸುಲಭ.

ಆರು ವರ್ಷ ಕಳಕಮ್ಮ ಒಂದಕ್ಷರ ಬರೆಯಲಿಲ್ಲ. ಗುಲಾಬಿ ಹಾಳೆಯನ್ನು ಊರಿನವರು ದೇವರ ಗೂಡಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರು. ಯಾರ ಮನೆಗೆ ಹೋದರೂ ಅದು ಕಾಣುತ್ತದೆಂದು ಅವಳು ಹೋಗುವುದನ್ನೇ ಬಿಟ್ಟಳು.

ನಲವತ್ನಾಲ್ಕನೆಯ ಇಸವಿಯಲ್ಲಿ ಅವಳು ಕೆಮ್ಮಿನಿಂದ ಹಾಸಿಗೆ ಹಿಡಿದಾಗ ತವರಿಗೆ ಬಂದಿದ್ದ ಪಾರ್ವತೆಮ್ಮ ಮೂರು ತಿಂಗಳ ಕೂಸು ಎತ್ತಿಕೊಂಡು ಬಂದಳು.

"ಚಿಗವ್ವಾ, ಇಕಿಗೊಂದು ಪದ್ಯ ಬರದು ಕೊಡು."

"ನಿಮ್ಮಪ್ಪ ಭಾಳ ಛಲೋ ಬರೀತಾನ. ಅವನ ಕಡೆ ಹೋಗು."

ಪಾರ್ವತೆಮ್ಮ ಎದ್ದು ಹೋದಳು. ಎಂಟು ದಿನ ಈ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ಹಸನಬೀ ಓಡುತ್ತ ಬಂದು, "ಅಕ್ಕಾ, ನಿನ್ನ ಮಗಳಿಗೆ ಹುಚ್ಚು ಹಿಡದೈತಿ. ಕೂಸಿನ್ನ ಟೊಂಕಕ್ಕ ಕಟಗೊಂಡು ಮನಿಮನಿ ಹೊಕ್ಕು ಗ್ವಾಡಿ ಮ್ಯಾಲೆ ಬರೀಲಿಕ್ಕತ್ತಾಳ" ಎಂದಳು.

ಗೋಡೆಯ ಮೇಲಲ್ಲ, ಹಾಳೆಯ ಮೇಲೆ. ಪ್ರತಿ ಮನೆಯಲ್ಲೂ ಒಂಬತ್ತು ಕಡೆ 'ಕೊಟ್ರನ' ಎಂಬುದನ್ನು ಪೆನ್ಸಿಲಿನಿಂದ ಹೊಡೆದು, 'ಕಳಕಿಯ' ಎಂದು ಬರೆದು, ಅಡಿಯಲ್ಲಿ ಚಿಗವ್ವನ ಹೆಸರು ಹಾಕುತ್ತಿದ್ದಳು. ಹದಿನೇಳು ಮನೆ ಆಗಿದ್ದವು. ಅಪ್ಪನಿಗೆ ಗೊತ್ತಾಗಿ, ತವರಿನ ಬಾಗಿಲಿಗೆ ಬರಬೇಡವೆಂದ. ಅಂದು ಸಂಜೆ ಅವಳು ಗಂಟು ಹೊತ್ತು ಕಳಕಮ್ಮನ ಮನೆಗೇ ಬಂದಳು.

"ಅವತ್ತ ಹೇಳಬೇಕಿತ್ತು" ಎಂದಳು ಕಳಕಮ್ಮ.

"ಹೂಂ ಚಿಗವ್ವಾ. ಅವತ್ತ ಹೇಳಬೇಕಿತ್ತು."

ಕ್ಷಮೆಯ ಮಾತು ಅಲ್ಲಿಗೇ ಮುಗಿಯಿತು. ಕಳಕಮ್ಮ ಹಾಳೆ ಬೇಡಿದಳು. ಕೂಸಿನ ಅಂಗೈ ಬಿಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಎಂದೂ ಮಾಡದ ಕೆಲಸ ಮಾಡಿದಳು. ಹಾಳೆಯ ಎಲ್ಲಕ್ಕಿಂತ ಕೆಳಗೆ ಮೊದಲು ಅಂಕಿತವನ್ನು ಬರೆದಳು. "ಈ ಸಲ ಇದು ಮೊದಲ ಇರಲಿ" ಎಂದಳು. ಮೇಲಿನ ಸಾಲುಗಳಿಗೆ ದಿನ ಸಾಕಾಗಲಿಲ್ಲ. ಎರಡು ಸಾಲು ಬರೆದು ಮೂರನೆಯದರ ನಡುವೆ ನಿಲ್ಲಿಸಿ, ನಾಲ್ಕನೆಯ ದಿನ ಹೋಗಿಬಿಟ್ಟಳು. ನಲವತ್ತೆರಡಕ್ಕೇ ಹೋದಳು.

ಮಣ್ಣಿಗೆ ಕೊಟ್ರಬಸಪ್ಪ ಹಾರ ಹಿಡಿದು ಬಂದ. ಎಲ್ಲರಿಗೂ ಕೇಳುವಂತೆ, ಕಣ್ಣೊರೆಸಿಕೊಂಡು, "ಎಂಥಾ ಪದ್ಯ ಬರೀತಿದ್ದಳು ನಮ್ಮ ಕಳಕವ್ವ! ನನ್ನ ಮಗಳ ಮದುವಿಗೆ ಬರ್ದಿದ್ಲಲ್ಲ, ಅಂಥಾದ್ದು ಈ ಸೀಮಿಯೊಳಗ ಹುಟ್ಟಿಲ್ಲ" ಎಂದ.

ಆರು ವರ್ಷದ ಹಿಂದೆ, ಅವಳಿಗೆ ಕಿವಿ ಇದ್ದಾಗ, ಆಡಬೇಕಾಗಿದ್ದ ಮಾತು. ಅವಳ ಕಿವಿಗೆ ಮಣ್ಣು ಬೀಳುವ ಹೊತ್ತಿಗೆ ಆಡಿದ. ಜನ ತಲೆದೂಗಿದರು, ದೊಡ್ಡ ಮನಸ್ಸು ಎಂದರು.

ಪಾರ್ವತೆಮ್ಮ ಸೊಂಟದಿಂದ ಪೆನ್ಸಿಲಿನ ಮೋಟು ತೆಗೆದು ಅಪ್ಪನೆದುರು ಹಿಡಿದಳು. ಹಿಡಿದದ್ದು ಎಡಗೈಯಲ್ಲಿ. ತೋರುಬೆರಳ ತುದಿಯ ಕಲೆ ಎಲ್ಲರಿಗೂ ಕಂಡಿತು.

"ಹದಿನೇಳು ಮನಿ ನಾ ಮಾಡೀನಿ. ನಿಮ್ಮ ಪಡಸಾಲ್ಯಾಗಿಂದು ನೀವ ತಿದ್ದರಿ."

ಅವನು ಪೆನ್ಸಿಲು ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿದ. ಕೊಟ್ರಬಸಪ್ಪನ ಪಡಸಾಲೆಯಲ್ಲಿ ಆ ಗುಲಾಬಿ ಹಾಳೆ, ತಿದ್ದದ ಹಾಗೇ, ಈಗ ಕಟ್ಟು ಹಾಕಿಸಿಕೊಂಡು ಗಾಜಿನ ಹಿಂದೆ ಇದೆ. ಅದರ ಮೇಲೆ ಬರೆಯಲು ಈಗ ಯಾರಿಂದಲೂ ಆಗುವುದಿಲ್ಲ.