ಬ್ರೇಕಿನಡಿಯ ನಿಂಬೆಹಣ್ಣು

ಮಳವಳ್ಳಿಯ ವಕೀಲ ಪಾರ್ಥಸಾರಥಿಯವರ ಅಂಬಾಸಿಡರ್ ಓಡಿಸಿಕೊಂಡು, ಅವರ ಕಾರ್ ಷೆಡ್ಡಿನಲ್ಲೇ ಮಲಗುತ್ತಿದ್ದ ಮರಿಸಿದ್ದಯ್ಯನಿಗೆ ಬ್ರೇಕ್ ಒತ್ತುವುದೆಂದರೆ ಪಂಕ್ತಿಯಲ್ಲಿ ಕೂತು ಬಿಕ್ಕಳಿಸಿದಷ್ಟು ಅವಮಾನ. ಕಬ್ಬಿನ ಲಾರಿಯಲ್ಲಿ ಕಲಿತವನು. ಆ ಲಾರಿಗೆ ಬ್ರೇಕ್ ಇತ್ತೆಂಬುದು ಬರೀ ನಂಬಿಕೆಯ ವಿಷಯವಾಗಿತ್ತು. ಇಳಿಜಾರು ಬಂತೆಂದರೆ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆಯುವನು. ಇಂಜಿನ್ನು ಗೊಣಗುತ್ತ, ಮೂಗುದಾರ ಜಗ್ಗಿ ಎತ್ತನ್ನು ಹಿಡಿದಂತೆ ಕಾರನ್ನು ತಾನೇ ಹಿಡಿಯುವುದು.

“ಮುಂದೇನೈತೆ ಅಂತ ಕಾಣ್ದೋನು ಬ್ರೇಕ್ ತುಳೀತಾನೆ ಕಣ್ಲಾ” ಎಂದು ಹೋಟೆಲಿನಲ್ಲಿ ಕೊಚ್ಚಿಕೊಳ್ಳುವನು. ತನ್ನ ಮುಂದೇನಿದೆ ಎಂಬುದು ಮಾತ್ರ ಅವನಿಗೂ ಕಂಡಿರಲಿಲ್ಲ.

ಎಪ್ಪತ್ನಾಲ್ಕನೇ ಇಸವಿ, ಆಯುಧಪೂಜೆಯ ಮರುದಿನ ವಕೀಲರು ಷಡ್ಡಕ ಸಂಪತ್ ಕುಮಾರನನ್ನು ಕೂರಿಸಿಕೊಂಡು ಹೊಳೆದಡದ ಮುತ್ತತ್ತಿಗೆ ಹೊರಟರು. ಷಡ್ಡಕ ದಾರಿಯುದ್ದಕ್ಕೂ ತನ್ನ ಡ್ರೈವರನ್ನು ಹೊಗಳಿದ. ವಕೀಲರಿಗೆ ಉರಿಯಿತು. ಹಲಗೂರು ದಾಟಿ, ಕಾಡಿನ ಇಳಿಜಾರು ಶುರುವಾಗುವಲ್ಲಿ ಕಾರು ನಿಲ್ಲಿಸಲು ಹೇಳಿದರು.

“ನಮ್ಮೋನು ಬ್ರೇಕೇ ಮುಟ್ಟದೆ ಹೊಳೇವರೆಗೂ ಇಳಿಸ್ತಾನೆ. ಏನೋ ಮರಿಸಿದ್ದ?”

“ಇಳಿಸ್ತೀನಿ ಬುದ್ದಿ. ಕಣ್ ಕಟ್ಕಂಡಾದ್ರೂವೆ.”

ಪೂಜೆಗೆ ತಂದು ಉಳಿದಿದ್ದ ನಿಂಬೆಹಣ್ಣೊಂದನ್ನು ವಕೀಲರು ಬ್ರೇಕ್ ಪೆಡಲಿನಡಿ ಸಿಕ್ಕಿಸಿದರು. “ಇದು ಅಪ್ಪಚ್ಚಿ ಆಯ್ತೋ, ನಾಳೆಯಿಂದ ನನ್ನ ಕಾರಿನ ಹತ್ರ ಸುಳೀಬೇಡ. ಕೈಬ್ರೇಕಿಗೂ ಕೈ ಹಾಕ್ಕೂಡದು.” ಬೇರೆಯವರ ಅನ್ನದ ವಿಷಯದಲ್ಲಿ ವಕೀಲರು ಆಡಿದ ಮಾತಿಗೆ ಎಂದೂ ತಪ್ಪಿದವರಲ್ಲ.

ಮೊದಲ ತಿರುವುಗಳು ಹೂವೆತ್ತಿದಂತೆ ಕಳೆದವು. ಮರಿಸಿದ್ದಯ್ಯನ ಬಲಗಾಲು ಮಡಿಯುಟ್ಟವರಂತೆ ಪೆಡಲಿನಿಂದ ದೂರ ನಿಂತಿತ್ತು. ಮುಂದಿನ ತಿರುವಿನಾಚೆ, ಹಲಗೂರಿನ ಮುದುಕಿ ಬೆಳ್ಳಮ್ಮ ಸೌದೆ ಹೊರೆ ಮುಂದಕ್ಕಿಳಿಸಿ, ನಡುರಸ್ತೆಯಲ್ಲಿ ನಿಂತು ಕಾಲಿನ ಮುಳ್ಳು ಕೀಳುತ್ತಿದ್ದಳು. ಹಾರ್ನ್ ಹೊಡೆದ. ಮುದುಕಿಗೆ ಕಿವಿ ಕೇಳದು. ಒಂದನೇ ಗೇರಿಗೆ ಇಳಿಸುವಷ್ಟು ದಾರಿ ಉಳಿದಿರಲಿಲ್ಲ.

“ತುಳೀಬೇಡ್ವೋ, ಅವಳೇ ಸರೀತಾಳೆ!” ಹಿಂದಿನ ಸೀಟಿನಿಂದ ವಕೀಲರು ಕೂಗಿದರು.

ತುಳಿದ. ಸಕ್ಕರೆ ಸೀಮೆಯಲ್ಲಿ ಹುಟ್ಟಿದವನ ಬಾಳಿಗೆ ಕಾಲಡಿಯ ಹಣ್ಣು ಪಿಚಕ್ಕನೆ ಹುಳಿ ಹಿಂಡಿತು. ಬಂಪರು ಹೊರೆಗೆ ತಗುಲಿ ಸೌದೆ ಚೆಲ್ಲಾಡಿತು, ಬೆಳ್ಳಮ್ಮ ಉಳಿದಳು.

“ಬ್ರೇಕ್ ಆಕಕ್ ಬರಾಕಿಲ್ವೇನ್ಲಾ? ನಿನ್ ಮನೆ ಆಳಾಗ!” ಎಂದಳು. ಆ ಶಾಪ ಆಕೆ ನುಡಿಯುವ ಮೊದಲೇ ಫಲಿಸಿತ್ತು.

ವಕೀಲರು ಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಷಡ್ಡಕ ನಕ್ಕ. ವಕೀಲರು ಕೈ ಚಾಚಿದರು. “ಕೀ ಕೊಡು. ಇಳಿ.”

“ಮುದುಕಿ ಸಾಯ್ತಿತ್ತು ಬುದ್ದಿ...”

“ಮುಂದೇನಿದೆ ಅಂತ ಕಾಣ್ದೋನು ತಾನೇ ಬ್ರೇಕ್ ತುಳಿಯೋದು? ನಿನ್ನ ಮಾತೇ ಕಣೋ.”

ವಕೀಲರ ಕೈಯಲ್ಲಿ ಕಾರು ತಿರುವು ತಿರುವಿಗೂ ಬ್ರೇಕ್ ಕಿರುಚಿಸುತ್ತ ಇಳಿದುಹೋಯಿತು. ಮರಿಸಿದ್ದಯ್ಯ ಸೌದೆ ಆಯ್ದು, ಹೊರೆ ಕಟ್ಟಿ, ತಾನೇ ಹೊತ್ತು ಹಲಗೂರಿನ ತನಕ ನಡೆದ. ಬೆಳ್ಳಮ್ಮ ಉದ್ದಕ್ಕೂ ಬೈದಳು.

ಆಮೇಲೆ ಅವನಿಗೆ ಸಿಕ್ಕಿದ್ದು ಕಬ್ಬು ಹೇರುವ ಎತ್ತಿನ ಗಾಡಿ. ಅದಕ್ಕೆ ಗೇರಿಲ್ಲ, ಬ್ರೇಕಿಲ್ಲ, ಹಾಗಾಗಿ ಹೆಮ್ಮೆಗೂ ಜಾಗವಿಲ್ಲ. “ನಿಂಬೆಹಣ್ಣು ಬತ್ತಾವ್ನೆ, ದಾರಿ ಬುಡ್ರಪ್ಪೋ!” ಎಂದು ಲಾರಿಯವರು ಕೂಗುವರು. ಮುದುಕಿಯೊಬ್ಬಳನ್ನು ಉಳಿಸಲು ಬ್ರೇಕ್ ತುಳಿದೆ ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳಿ ನೋಡಿದ. ಯಾರೋ ಹಲಗೂರು ಸಂತೆಯಲ್ಲಿ ಬೆಳ್ಳಮ್ಮನನ್ನೇ ಕೇಳಿದರು.

“ಕುಡ್ದಿದ್ದ ಕಣಪ್ಪ,” ಎಂದಳಾಕೆ. “ಬ್ರೇಕ್ ಎಲ್ಲೈತೆ ಅಂತ್ಲೇ ಗೊತ್ತಿರ್ನಿಲ್ಲ ಆ ಮುಂಡೇದ್ಕೆ.”