ಮುಳ್ಳು ಹಾಕಿದ ಮನೆಯ ಮಾರಾಟ

…ಅಥವಾ ಲೋಟ ತುಂಬಿಯೇ ಇತ್ತೇನೋ. ಕಿಟಕಿಯ ಕಟ್ಟೆಯ ಮೇಲೆ ಸ್ಟೀಲ್ ಲೋಟವೊಂದು ಇದ್ದದ್ದಂತೂ ನಿಜ ಎಂದು ಬರೆಯಲು ಹೊರಟೆ. ಬರೆಯುವಾಗಲೇ ಅದು ಸ್ಟೀಲಿನದೋ ಹಿತ್ತಾಳೆಯದೋ ಎಂಬ ಅನುಮಾನ ಬಂತು. ಒಂದು ನೆನಪಿನಲ್ಲಿ ಅದರಲ್ಲಿ ಅರ್ಧ ನೀರಿದೆ. ಇನ್ನೊಂದರಲ್ಲಿ ಅಂಚಿನವರೆಗೂ ಇದೆ. ಎರಡರಲ್ಲೂ ಭಾವ ಮಂಚದ ಮೇಲೆ ಸತ್ತು ಮಲಗಿದ್ದಾರೆ, ಎರಡರಲ್ಲೂ ಅಕ್ಕನ ಕೈ ಒದ್ದೆಯಾಗಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳ ಕೈ ಒದ್ದೆಯಾಗಿರದೆ ಇನ್ನೇನು.

ಅವತ್ತು ನಾನು ಹೊನ್ನಾಳಿಯ ಅಕ್ಕನ ಮನೆಯಲ್ಲಿದ್ದೆ. ಭಾವನಿಗೆ ಹುಷಾರಿಲ್ಲವೆಂದು ಬೆಳಿಗ್ಗೆಯೇ ಜಗಳೂರಿನಿಂದ ಬಂದಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಕಣ್ಣು ಹತ್ತಿತ್ತು. ಅಕ್ಕ ಕೂಗಿದಳು, ಒಳಗೆ ಹೋದೆ. ಗಡಿಯಾರವನ್ನು ಯಾರೂ ನೋಡಲಿಲ್ಲ.

ಸಂಜೆ ಪಂಚಾಂಗ ನೋಡುವ ಅಯ್ನೋರು ಕೇಳಿದ ಮೊದಲ ಪ್ರಶ್ನೆ ಅದೇ. "ಎಷ್ಟೊತ್ತಿಗೆ ಹೋದ್ರು?"

"ನಾಕು ಹೊಡೆದಿತ್ತು," ಅಂದಳು ಅಕ್ಕ. "ನೀರು ಬೇಕು ಅಂದ್ರು. ನನ್ನ ಕೈಲಿ ಎರಡು ಗುಟುಕು ಕುಡಿದೇ ಹೋದ್ರು."

ಅಯ್ನೋರು ಪುಟ ತಿರುವಿದರು. ಮೂರೂವರೆಗೆ ನಕ್ಷತ್ರ ಬದಲಾಗಿತ್ತು. ಅದಕ್ಕೆ ಮೊದಲು ಹೋಗಿದ್ದರೆ ದೋಷವಿಲ್ಲ; ಆಮೇಲಾದರೆ ಆರು ತಿಂಗಳು ಮನೆ ಬಿಡಬೇಕು. "ಸರಿಯಾಗಿ ನೆನಪು ಮಾಡ್ಕೊಳವ್ವಾ, ಗಾಬರ್‍ಯಾಗೆ ಹೊತ್ತು ತಿಳಿಯಲ್ಲ," ಎಂದು ಅವರೇ ದಾರಿ ಬಿಟ್ಟುಕೊಟ್ಟರು. ಅಕ್ಕ ಆ ದಾರಿ ಹಿಡಿಯಲಿಲ್ಲ. ಮೂರೂವರೆಗೆ ಮೊದಲು ಅವಳಿದ್ದದ್ದು ಹಿತ್ತಲಲ್ಲಿ, ಬಟ್ಟೆಯ ಮುಂದೆ; ಆಗಲೇ ಹೋದರು ಅಂದರೆ ನೀರು ಕೊಟ್ಟವರು ಯಾರೂ ಇಲ್ಲವೆಂದಾಗುತ್ತಿತ್ತು. ಗಂಡನ ಬಾಯಿಗೆ ಕೊನೆಯ ನೀರು ಬಿಟ್ಟದ್ದು ತಾನು ಎಂಬುದೊಂದೇ ಆ ದಿನದಲ್ಲಿ ಅವಳ ಪಾಲಿಗೆ ಉಳಿದಿದ್ದ ಸಮಾಧಾನ. ನಾಕೇ, ಅಂದಳು.

ಕರ್ಮ ಮುಗಿಯಿತು. ಬೀಗ ಹಾಕಿ, ಬಾಗಿಲಿಗೆ ಅಡ್ಡಲಾಗಿ ಜಾಲಿಯ ಮುಳ್ಳು ಇಟ್ಟು, ಅಕ್ಕ ಜಗಳೂರಿನ ನಮ್ಮ ಮನೆಗೆ ಬಂದಳು.

ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ನನ್ನ ಹೆಂಡತಿ ಅಕ್ಕನಿಗೆ ಒಂದು ಕೆಟ್ಟ ಮಾತೂ ಆಡಿದವಳಲ್ಲ, ಪಾತ್ರೆ ಮುಟ್ಟಲೂ ಬಿಟ್ಟವಳಲ್ಲ. ಅಕ್ಕ ಚಹಾ ಕುಡಿಯುವುದನ್ನೇ ಕಡಿಮೆ ಮಾಡಿದಳು. ಒಂದು ದಿನ ನಾನೊಬ್ಬನೇ ಇದ್ದಾಗ ಅಂದಳು: "ನನ್ನ ಒಲೆ ನನಗೆ ಬೇಕೋ ತಮ್ಮಾ. ಹೊನ್ನಾಳಿ ಮನೆ ಕೊಟ್ಟು ಚನ್ನಗಿರಿಯಾಗೆ ಒಂದು ಸಣ್ಣದು ತಗಂತೀನಿ." ಅವಳ ಮಗಳನ್ನು ಅಲ್ಲೇ ಹತ್ತಿರದ ಕೆರೆಬಿಳಚಿಗೆ ಕೊಟ್ಟಿತ್ತು. ಅಳಿಯನ ಮನೆಯಲ್ಲಿ ಇರುವುದು ಬೇಡ, ಬೇಕೆಂದಾಗ ಹೋಗಿ ಬರುವಷ್ಟು ಹತ್ತಿರವಿದ್ದರೆ ಸಾಕು.

ಅವಧಿ ಮುಗಿದು ಮುಳ್ಳು ತೆಗೆದಾಗ ಒಳಗಿಂದ ಒದ್ದೆ ಗೋಣಿಚೀಲದ ವಾಸನೆ ಬಂತು. ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಗೆದ್ದಲು ತಿಂದಿತ್ತು. ನಾವು ಕರೆಸಿದ ದಲ್ಲಾಳಿ ಹಿಂದೆ ಮರದ ವ್ಯಾಪಾರ ಮಾಡುತ್ತಿದ್ದ ಸಾಬರು. ಬೀಗದ ಕೈಯಿಂದ ಚೌಕಟ್ಟನ್ನು ಚುಚ್ಚಿದರು. ಬೀಗದ ಕೈ ಒಳಗೇ ಹೋಯಿತು.

"ಅಕ್ಕಾ, ಮನೆ ಅಂದ್ರೆ ಒಲೆ ಉರೀತಿರಬೇಕು, ನಲ್ಲೀಲಿ ನೀರು ಓಡ್ತಿರಬೇಕು. ನೀವು ಗೆದ್ಲಿಗೆ ಬಾಡಿಗೆ ಕೊಟ್ಟು ಹೋಗೀರಿ!"

"ಬಾಡಿಗೆನಾದ್ರೂ ಕೊಡ್ತಾವೇನು ಕೇಳಯ್ಯ," ಅಂದಳು ಅಕ್ಕ. ಭಾವ ಹೋದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು ಎಂದು ನನಗೆ ನೆನಪು. ಅಷ್ಟು ಸರಿಯಾಗಿ ಹೇಗೆ ನೆನಪಿದ್ದೀತು, ಗೊತ್ತಿಲ್ಲ.

ದಲ್ಲಾಳಿ ಜಗಲಿಯ ಮೇಲೆ ಕೂತು ಊರಿನ ಪರಿಸ್ಥಿತಿ ಹೇಳಿದರು. ದುಡ್ಡಿರುವವರು ಲೇಔಟಿನಲ್ಲಿ ಸೈಟು ಕೊಳ್ಳುತ್ತಾರೆ. ಕಾರು ನಿಲ್ಲಬೇಕು ಅನ್ನುತ್ತಾರೆ. ಈ ಓಣಿಗೆ ಬಂದ ಆಟೋ ಹಿಂದಕ್ಕೇ ಹೋಗಬೇಕು. ಹಳೆಯ ಮನೆಗೆ ಜಾಗದ ರೇಟು ಕೊಟ್ಟರೆ ಹೆಚ್ಚು, ಗೋಡೆಗೆ ಯಾರೂ ಕೊಡುವುದಿಲ್ಲ. "ಮೊದ್ಲು ಸೋರೋದು ನಿಲ್ಲಿಸ್ರಿ, ಆಮೇಲೆ ಬಣ್ಣ. ಹಸಿ ಗೋಡೆಗೆ ಹೊಸ ಬಣ್ಣ ಕಂಡ್ರೆ ಏನೋ ಮುಚ್ಯಾರೆ ಅಂತ ತಗಳ್ಳೋರಿಗೆ ಅನುಮಾನ. ಖಾತೆ ನಿಮ್ಮ ಹೆಸರಿಗೆ ಮಾಡಿಸಿ ಇಟ್ಕಳ್ರಿ. ದಿನಾ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಿಸ್ರಿ. ಜನ ಇರೋ ಮನೆ ಅಂತ ಕಾಣಬೇಕು."

ಅಕ್ಕ ಹೊನ್ನಾಳಿಗೆ ವಾಪಸಾಗಿ ಅದನ್ನೆಲ್ಲ ಮಾಡಿದಳು. ನೋಡಲು ಬಂದವರು ಒಳಗೆ ಮೆಚ್ಚಿ, ಓಣಿಯ ತಿರುವಿನ ಅಂಗಡಿಯಲ್ಲಿ ಒಂದು ಮಾತು ಕೇಳಿ, ಮತ್ತೆ ಬರಲಿಲ್ಲ. ಮುಳ್ಳು ತೆಗೆದಿದ್ದರೂ ಅದು ಮುಳ್ಳು ಹಾಕಿದ ಮನೆಯೇ ಆಗಿತ್ತು.

"ನಮ್ಮಲ್ಲಿ ಈ ರಿವಾಜಿಲ್ಲ," ಅಂದರು ದಲ್ಲಾಳಿ. "ಆದ್ರೂ ನಮ್ಮೋರೂ ಬ್ಯಾಡ ಅಂತಾರೆ. ಮುಂದೆ ಅವ್ರು ಮಾರಬೇಕಾದ್ರೆ ನಿಮ್ಮೋರು ಕೇಳ್ತಾರಲ್ಲ." ಆಮೇಲೆ ದನಿ ತಗ್ಗಿಸಿದರು. "ಮೂರು ಗಂಟೆ ಅಂದುಬಿಡ್ರಿ ಅಕ್ಕಾ. ದುಃಖದಾಗೆ ಹೊತ್ತು ತಪ್ಪು ಹೇಳಿದ್ವಿ, ಸುಮ್ನೆ ಮನೆ ಬಿಟ್ವಿ ಅಂದ್ರೆ ಮುಗೀತು."

"ನೀನಿದ್ದೇನಯ್ಯ ಅಲ್ಲಿ?"

"ಇರ್ಲಿಲ್ಲ. ಅದಕ್ಕೇ ನನಗೆ ಹೇಳಾಕೆ ಸುಲಭ."

ಅಕ್ಕ ಎದ್ದು ಒಳಗೆ ಹೋದಳು.

ನಾನು ಮತ್ತೆ ಹೊನ್ನಾಳಿಗೆ ಹೋದಾಗ ನ್ಯಾಮತಿಯ ದಂಪತಿ ಮನೆ ನೋಡಲು ಬಂದಿದ್ದರು. ಗಂಡ ಮೇಷ್ಟ್ರು, ಹೊನ್ನಾಳಿಯ ಶಾಲೆಗೆ ವರ್ಗವಾಗಿತ್ತು. ಚೌಕಟ್ಟು ಬದಲಿಸಿದರಾಯಿತು ಅಂದರು. ಹೆಂಡತಿ ನಲ್ಲಿ ತಿರುಗಿಸಿ ನೋಡಿದಳು, ಹಿತ್ತಲ ಕರಿಬೇವಿನ ಎಲೆಯೊಂದನ್ನು ಮುರಿದು ಮೂಸಿದಳು. ಭಾವ ಮಲಗುತ್ತಿದ್ದ ಕೋಣೆಗೆ ಬಂದಾಗ ನಿಂತಳು.

"ಅಮ್ಮಾ, ಕೇಳ್ತೀನಿ ಅಂತ ಬೇಜಾರು ಮಾಡ್ಕಬೇಡ್ರಿ. ಅಂಗಡಿಯೋರು ಏನೋ ಅಂದ್ರು. ಯಜಮಾನ್ರು ಎಷ್ಟೊತ್ತಿಗೆ ಹೋಗಿದ್ದು?"

ದಲ್ಲಾಳಿ ಸೂರು ನೋಡಿದರು. ಅಕ್ಕ ಕಿಟಕಿಯ ಕಟ್ಟೆ ನೋಡಿದಳು.

"ಮೂರಕ್ಕೇ. ನಾನು ಹಿತ್ತಲಾಗೆ ಬಟ್ಟೆ ಒಗೀತಿದ್ದೆ. ಬಂದು ನೋಡೋದ್ರೊಳಗೆ ಹೋಗಿದ್ರು." ಅಷ್ಟೇ ಸಾಕಿತ್ತು. ಅವಳು ಮುಂದುವರಿಸಿದಳು: "ನೀರು ತಂದೆ. ಬಾಯಿಗೆ ಹಿಡಿದೆ. ಬಿಟ್ಟ ಹನಿನೂ ಹೊರಗೇ ಬಂತು."

ಆ ಹೆಂಗಸು ಅಕ್ಕನ ಕೈ ಹಿಡಿದುಕೊಂಡಳು. ಆ ಕೊನೆಯ ಮಾತನ್ನು ದಲ್ಲಾಳಿ ಹೇಳಿಕೊಟ್ಟಿರಲಿಲ್ಲ.

ಮನೆ ಹೋಯಿತು. ಚನ್ನಗಿರಿಯಲ್ಲಿ ಎರಡು ಕೋಣೆಯ ಮನೆ ಬಂತು. ಅಕ್ಕ ಈಗ ಬೇಕಾದಾಗ ಚಹಾ ಮಾಡಿಕೊಳ್ಳುತ್ತಾಳೆ. ಒಲೆಯ ಮುಂದೆ ನಿಂತೇ ಕುಡಿಯುತ್ತಾಳೆ. ಕೂತು ಕುಡಿ ಅಂದರೆ ಕೂರುವುದಿಲ್ಲ.

ಭಾವನ ವರ್ಷದ ಎಡೆಗೆ ಕೆರೆಬಿಳಚಿಯಿಂದ ಮಗಳು ಬಂದಿದ್ದಳು. ಬಾಳೆ ಎಲೆಯ ಪಕ್ಕ ನೀರಿನ ಲೋಟ ಇಡುತ್ತಾ, "ಅಪ್ಪ ನಿನ್ನ ಕೈಲಿ ನೀರು ಕುಡಿದು ಹೋದ್ರಲ್ಲಮ್ಮಾ, ಅಷ್ಟಾದ್ರೂ ಪುಣ್ಯ," ಅಂದಳು.

"ಇಲ್ಲ," ಅಂದಳು ಅಕ್ಕ. "ಕುಡೀಲಿಲ್ಲ."

"ನೀನೇ ಹೇಳಿದ್ದೆ!"

"ಮೂರಕ್ಕೇ ಹೋಗಿದ್ರು."

ಹೊನ್ನಾಳಿ ದೂರವೇನಲ್ಲ, ಮಾತು ಹಿಂದಕ್ಕೆ ಹೋಗಿ ಆ ಮೇಷ್ಟ್ರ ಮನೆಯ ಬಾಗಿಲು ತಟ್ಟಬಹುದು ಎಂದು ಹೀಗೆ ಹೇಳಿದಳೇ? ಅಥವಾ ಇದೇ ನಿಜವಾಗಿದ್ದು, ಅಯ್ನೋರ ಮುಂದೆ ಹೇಳಿದ್ದೇ ಸುಳ್ಳೇ? ಅಕ್ಕನ ಮುಖದಲ್ಲಿ ಎರಡಕ್ಕೂ ಹೊಂದುವ ಒಂದೇ ದಣಿವಿತ್ತು. ಮಗಳು ನನ್ನ ಕಡೆ ತಿರುಗಿದಳು. "ಮಾವಾ, ನೀನು ಅಲ್ಲೇ ಇದ್ದೆಯಲ್ಲ?"

ಅಲ್ಲೇ ಇದ್ದೆ. ಭಾವ ನೀರು ಕುಡಿದಿದ್ದರೆ ಲೋಟ ತುಂಬಿರುತ್ತಿರಲಿಲ್ಲ. ಲೋಟದಲ್ಲಿ ನೀರು ಎಷ್ಟಿತ್ತು ಎಂಬುದು ನನಗೆ ಗೊತ್ತಿಲ್ಲ.